ನಾಲ್ಕು ಕಿಲೋ ಮೊಳಕೆ ಕಾಳು

"ಒಂದ ತಿಂಗಳು! ಒಂದ ತಿಂಗಳದಾಗ ನೆಲದಿಂದ ಕೈ ಊರಲಾರದ ಎದ್ದು ನಿಲ್ಲಲಿಲ್ಲಂದ್ರ ನನ್ನ ಹೆಸರು ಮಲ್ಲಿಕಾರ್ಜುನನ ಅಲ್ಲ!"

ಹೀಗೆ ಗರ್ಜಿಸಿದ್ದು ಅಡಿಗೆಮನೆಯ ಗೋಡೆಗೆ. ಹೆಂಡತಿ ಸುರೇಖಾ ತೀರಿಕೊಂಡು ಎರಡು ವರ್ಷ. ಹಾವೇರಿಯ ಆ ಬಾಡಿಗೆ ಮನೆಯಲ್ಲಿ ಮಲ್ಲಿಕಾರ್ಜುನನ ಪ್ರತಿಜ್ಞೆ ಕೇಳಲು ಗೋಡೆ ಬಿಟ್ಟರೆ ಇನ್ನಾರೂ ಇರಲಿಲ್ಲ.

ಪ್ರತಿಜ್ಞೆಗೆ ಕಾರಣವಿತ್ತು. ಹಿಂದಿನ ದಿನ ಕಚೇರಿಯ ರೆಕಾರ್ಡ್ ಕೋಣೆಯಲ್ಲಿ ಕೆಳಗಿನ ಕಪಾಟಿನ ಕಡತ ತೆಗೆಯಲು ನೆಲಕ್ಕೆ ಕುಳಿತವನಿಗೆ ಏಳಲಿಕ್ಕೇ ಆಗಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಅರ್ಧ ಗಂಟೆ ಕಡತ ಹುಡುಕುವ ನಾಟಕವಾಡಿದ! ವಯಸ್ಸು ಇನ್ನೂ ಐವತ್ತೈದು. ಮರುದಿನವೇ ಡಾಕ್ಟರ್ ಶ್ರದ್ಧಾ ಎದುರು ಹಾಜರಾದ.

"ಊಟ ಏನ್ ಮಾಡ್ತೀರಿ?"

"ಮುಂಜಾನೆ ಮಂಡಕ್ಕಿರಿ. ಮಧ್ಯಾಹ್ನ ಅನ್ನ, ಉಪ್ಪಿನಕಾಯಿ."

"ಸಂಜಿಗೆ?"

"ಮುಂಜಾನೆ ಉಳಿದ ಮಂಡಕ್ಕಿ."

"ಬ್ಯಾಳಿ, ಕಾಳು, ಮೊಸರು?"

"ಒಬ್ಬಂವಗ ಯಾರು ಮಾಡಕೋತ ಕುಂದ್ರತಾರ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೈಗೆ ಪ್ರೋಟೀನ್ ದಿನಾ ಬೇಕ್ರಿ. ಕೊಬ್ಬಿನಂಗ ಅದನ್ನ ಕೂಡಿಡಾಕ ಬರಂಗಿಲ್ಲ. ನೀವು ಕೊಡಲಿಲ್ಲಂದ್ರ ಅದು ನಿಮ್ಮ ತೊಡಿ ಸ್ನಾಯುನ ಕರಗಿಸಿಕೊಂಡು ಕೆಲಸಾ ನಡಸತೈತಿ."

"ಅಂದ್ರ ನನ್ನ ಮೈ ನನ್ನನ್ನ ತಿನ್ನಾಕತ್ತೈತಿ?"

"ಮತ್ತೇನು ತಿನ್ನಬೇಕು ಅದು? ಮಂಡಕ್ಕೀನ?"

ಅಂದೇ ಪೇಟೆಯಿಂದ ಮಡಕಿ, ಹೆಸರು, ಕಡಲೆ, ಅಲಸಂದಿ, ತಲಾ ಒಂದು ಕಿಲೋ ಬಂತು. ಒಂದು ತಿಂಗಳ ಬಾಬತ್ತು! 'ದಿನಾ' ಎಂದಿದ್ದರು ಡಾಕ್ಟರು. ಆದರೆ ತಿಂಗಳ ಕೆಲಸವನ್ನು ಒಂದನೇ ತಾರೀಖಿಗೇ ಮುಗಿಸುವ ಮಹಾನ್ ಗುಮಾಸ್ತ ನಮ್ಮ ಮಲ್ಲಿಕಾರ್ಜುನ. ಮರುದಿನ ಮುಂಜಾನೆ ನಾಲ್ಕೂ ಕಿಲೋ ಒಂದೇ ಪಾತ್ರೆಗೆ ಸುರಿದು, ಕಂಠಮಟ್ಟ ನೀರು ಹೊಯ್ದು, ಮುಚ್ಚಳ ಹಾಕಿ ಕಚೇರಿಗೆ ಹೋದ.

ಸಂಜೆ ಬಂದು ನೋಡಿದರೆ ಮುಚ್ಚಳ ಒಂದು ಮೂಲೆಯಲ್ಲಿ! ಉಬ್ಬಿದ ಕಾಳು ಪಾತ್ರೆ ದಾಟಿ, ಕಟ್ಟೆ ಇಳಿದು, ಅಡಿಗೆಮನೆಯನ್ನು ವಶಪಡಿಸಿಕೊಂಡಿತ್ತು. ಬಾಚಿ ಬಾಚಿ ಎರಡು ಧೋತರ, ಒಂದು ಟವೆಲ್, ಕೊನೆಗೆ ಒಂದು ಬನಿಯನ್ನಿನಲ್ಲೂ ಗಂಟು ಕಟ್ಟಿ ಮೊಳೆಗೆ ನೇತುಹಾಕಿದ. ಮುಂದಿನ ಎರಡು ದಿನ ಮೂರು ಹೊತ್ತೂ ಹಸಿ ಕಾಳು ಮೆದ್ದ. ಕಚೇರಿಯಲ್ಲಿ ಮಾತಾಡುವ ಕೆಲಸವನ್ನೆಲ್ಲ ಹೊಟ್ಟೆಯೇ ವಹಿಸಿಕೊಂಡಿತು!

ಮೂರನೆಯ ದಿನ ಕಾಳಿಗೆ ಗೇಣುದ್ದ ಮೊಳಕೆ, ಮನೆಗೆಲ್ಲ ವಾಸನೆ ಬರುವ ಲಕ್ಷಣ. ಚೆಲ್ಲಲು ಮನಸ್ಸಾಗಲಿಲ್ಲ. ಓಣಿಗೆ ಹಂಚೋಣವೆಂದರೆ ಓಣಿಯ ಮೇಲೆ ಸಿಟ್ಟು. ಸುರೇಖಾ ಹೋದ ಹೊಸದರಲ್ಲಿ ಐದು ಮನೆಗಳಿಂದ ಊಟ ಬರುತ್ತಿತ್ತು. ಹದಿನೈದು ದಿನಕ್ಕೇ ಎಲ್ಲರೂ ಒಮ್ಮೆಲೇ ನಿಲ್ಲಿಸಿಬಿಟ್ಟಿದ್ದರು. ಎಂಥಾ ಕಲ್ಲು ಮನಸ್ಸಿನ ಜನ ಎಂದು ಅಂದಿನಿಂದ ಅವನು ಯಾರ ಮನೆ ಹೊಸ್ತಿಲೂ ತುಳಿದಿರಲಿಲ್ಲ. ಆದರೆ ಕಾಳು ಅವನ ಸಿಟ್ಟಿಗಿಂತ ಜಾಸ್ತಿಯಿತ್ತು. ಹೆಂಡತಿಯ ಹೆಸರು ಕೊರೆಸಿದ ಐದು ಸ್ಟೀಲ್ ಡಬ್ಬಿಗಳನ್ನು ಹುಡುಕಿ ತುಂಬಿಸಿ, ನಾಲ್ಕು ಮನೆಗೆ ಕೊಟ್ಟು, ಐದನೆಯದಕ್ಕೆ ಎದುರು ಮನೆಯ ಗೋದೂಬಾಯಿಯ ಬಾಗಿಲು ತಟ್ಟಿದ. ಎಪ್ಪತ್ತೆರಡರ ಒಂಟಿ ಮುದುಕಿ. ಡಬ್ಬಿಯ ಮೇಲಿನ ಹೆಸರನ್ನು ಬೆರಳಲ್ಲಿ ಸವರಿದಳು.

"ಸುರೇಖಾನ ಡಬ್ಬಿ! ಎರಡು ವರ್ಷ ಆದ ಮ್ಯಾಲ ನೆನಪಾತೇನು ನಾವು?"

"ಮರತವರು ನೀವ್ರಿ, ಗೋದೂಬಾಯಾರ! ಹದಿನೈದು ದಿನಕ್ಕ ಊಟ ಬಂದ್ ಮಾಡಿದ್ರಿ!"

"ನಾವಲ್ಲೋ, ನೀ ಬಂದ್ ಮಾಡ್ಸಿದಿ! ನಮ್ಮ ಡಬ್ಬಿ ಹೆಂಗ ತಿರುಗಿ ಕೊಟ್ಟಿ?"

"ಹುಣಸಿಹಣ್ಣು ಹಚ್ಚಿ ತಿಕ್ಕಿ, ಕನ್ನಡಿಹಂಗ ತೊಳದು ಕೊಟ್ಟೇನ್ರಿ!"

"ತೊಳದು, ಖಾಲಿ ಕೊಟ್ಟಿ. ಐದೂ ಮನಿಗೆ, ಒಂದ ದಿನ! ಖಾಲಿ ಡಬ್ಬಿ ಬಂತಂದ್ರ ಇನ್ನ ಕಳಸಬ್ಯಾಡ್ರಿ ಅಂತ ಅಲ್ಲೇನು? ಒಂದು ಚಮಚ ಸಕ್ಕರಿ ಹಾಕಿದ್ದಿ ಅಂದ್ರ ಸಾಕಿತ್ತೋ ಮಾರಾಯ."

ಡಬ್ಬಿಗೆ ಸಕ್ಕರೆ ಹಾಕಿ ಕಳಿಸುವುದೆಲ್ಲ ಸುರೇಖಾಳ ಖಾತೆಯಾಗಿತ್ತು. ಅವಳು ಹೇಳಿಕೊಟ್ಟು ಹೋಗಿರಲಿಲ್ಲ. ಎರಡು ವರ್ಷ ಅವನು ಓಣಿಗೆ ಶಾಪ ಹಾಕುತ್ತ ಮಂಡಕ್ಕಿ ತಿಂದ. ಓಣಿ ಅವನ ಡಬ್ಬಿಯ ದಾರಿ ಕಾಯುತ್ತ ಕೂತಿತ್ತು. ಮನೆಗೆ ಬಂದು ಒಬ್ಬನೇ ಅತ್ತ.

ಏಳು ಗಂಟೆಗೆ ಬಾಗಿಲು ಸದ್ದಾಯಿತು. ಡಬ್ಬಿ ಬಂತು. ತೆರೆದರೆ ಮಡಕಿಕಾಳು ಪಲ್ಯ! ಎರಡನೆಯದು ಉಸಲಿ. ಮೂರನೆಯದು ಕಾಳಿನ ಸಾರು. ನಾಲ್ಕನೆಯದು ಬ್ಯಾಡಗಿ ಮೆಣಸಿನಕಾಯಿಯ ಕೆಂಪಿನಲ್ಲಿ ಮತ್ತೆ ಪಲ್ಯ. 'ಪಾಪ, ಬೇಯಿಸಲು ಬರದೆ ಹಸಿಯೇ ಕೊಟ್ಟಿದ್ದಾನೆ' ಎಂದು ಇಡೀ ಓಣಿ ಅವನ ಕಾಳನ್ನು ಬೇಯಿಸಿ ಅವನಿಗೇ ಕಳಿಸಿತ್ತು!

ಐದನೆಯ ಡಬ್ಬಿ ಮಾತ್ರ ಬರಲಿಲ್ಲ. ಎಂಟಾದರೂ ಬಾರದಿದ್ದಾಗ ತಾನೇ ಗೋದೂಬಾಯಿಯ ಮನೆಗೆ ಹೋದ.

"ನನ್ನ ಡಬ್ಬಿರಿ..."

"ಕೊಡಂಗಿಲ್ಲ. ನಿನ್ನ ಕೈಯಾಗ ಕೊಟ್ರ ಇನ್ನೆರಡು ವರ್ಷ ಈ ಕಡೆ ಹಾಯಂಗಿಲ್ಲ ನೀ. ಇಲ್ಲೇ ಕೂತು ಉಣ್ಣು."

ನೆಲದ ಮೇಲೆ ಆಗಲೇ ಎರಡು ತಾಟು ಇದ್ದವು. ಎರಡು ರೊಟ್ಟಿ ಸಾಕೆಂದವನು ನಾಲ್ಕು ತಿಂದ, ಪಲ್ಯ ಮೂರು ಸಲ ಹಾಕಿಸಿಕೊಂಡ. ಗೋದೂಬಾಯಿಯೂ ಅಂದು ಮಾತಾಡುತ್ತ ಮಾತಾಡುತ್ತ ಒಂದು ರೊಟ್ಟಿ ಹೆಚ್ಚಿಗೆ ಉಂಡಳು.

ಊಟ ಮುಗಿಯಿತು. ಪ್ರತಿಜ್ಞೆ ನೆನಪಾಗಿ ಮಲ್ಲಿಕಾರ್ಜುನ ಕೈ ಊರದೆ ಏಳಲು ಹೊರಟ. ಅರ್ಧ ಎದ್ದ. ಧೊಪ್ಪೆಂದು ಕುಳಿತ. ಮತ್ತೆ ಎದ್ದ, ಮತ್ತೆ ಕುಳಿತ. ಇಲ್ಲಿ ಹುಡುಕುವ ನಾಟಕಕ್ಕೆ ಕಡತವೂ ಇರಲಿಲ್ಲ!

ಗೋದೂಬಾಯಿ ಎದ್ದು ಬಂದು ಕೈ ಚಾಚಿದಳು. "ಕೊಡು ಕೈ. ಒಬ್ಬಂವನ ಏಳಬೇಕಂತ ಯಾರು ಹೇಳ್ಯಾರ?"

ಒಂದೇ ಎಳೆತಕ್ಕೆ ಅವನನ್ನು ನಿಲ್ಲಿಸಿ ಅವಳು ಗದರಿದಳು:

"ಅಯ್ಯ, ಎಪ್ಪತ್ತೆರಡರ ಮುದುಕಿ ಎತ್ತಿದ್ರ ಏಳೋವಷ್ಟು ಹಗುರ ಆಗೀಯಲ್ಲೋ! ನಾಳೆನೂ ಊಟಕ್ಕ ಬಾ!"