ದಿಲ್ಲಿಗೆ ಕೊಡುವ ಸಂಬಂಧ

ನಮ್ಮ ಸೋದರತ್ತೆಯ ಹತ್ತಿರ ಓಟು ಕೇಳಲು ಒಮ್ಮೆ ಬಂದವರು ಎರಡನೇ ಸಲ ಬಂದದ್ದನ್ನು ಚನ್ನಗಿರಿಯಲ್ಲಿ ಯಾರೂ ಕಂಡಿಲ್ಲ! ಅತ್ತೆ ಬೈಯುತ್ತಾಳೆಂದಲ್ಲ, ಬಾಗಿಲು ಹಾಕಿಕೊಳ್ಳುತ್ತಾಳೆಂದೂ ಅಲ್ಲ. ಕೂರಿಸಿ, ಮಜ್ಜಿಗೆ ಕೊಟ್ಟು, ವಿಚಾರಿಸುತ್ತಾಳೆ. ಅಷ್ಟೇ. ಆದರೆ ಅವಳು ವಿಚಾರಿಸುವ ರೀತಿಗೆ ಪೊಲೀಸರೂ ಟೋಪಿ ತೆಗೆಯಬೇಕು.

ಇದು ಹುಟ್ಟುಗುಣವೇನಲ್ಲ, ಪೆಟ್ಟು ತಿಂದು ಕಲಿತದ್ದು. ಹದಿನಾರಕ್ಕೇ ಅವಳನ್ನು ಜಗಳೂರಿಗೆ ಕೊಟ್ಟರು. ಹುಡುಗನಿಗೆ ಹೊಲ ಎಷ್ಟು, ಎತ್ತು ಎಷ್ಟು ಎಂದು ನಮ್ಮ ತಾತ ಕೇಳಿದ್ದೇ ಕೇಳಿದ್ದು. ಹೆಂಡತಿ ಎಷ್ಟು ಎಂದು ಮಾತ್ರ ಕೇಳಲಿಲ್ಲ! ಹೊಸ್ತಿಲ ಮೇಲಿನ ಸೇರಕ್ಕಿ ಒದ್ದು ಒಳಗೆ ಹೋದರೆ ಅಡುಗೆಮನೆಯಲ್ಲಿ ಒಬ್ಬಳು ಮೊದಲೇ ಕೂತು ರೊಟ್ಟಿ ತಟ್ಟುತ್ತಿದ್ದಳಂತೆ. ಅತ್ತೆ ಒಂದು ವರ್ಷ ಹೇಗೋ ಕಳೆದು, ಟ್ರಂಕು ಹೊತ್ತುಕೊಂಡು ತವರಿಗೆ ವಾಪಸು ಬಂದಳು. ಆ ತವರು ಮುಂದೆ ಅವಳ ತಮ್ಮನ, ಅಂದರೆ ನಮ್ಮಪ್ಪನ ಮನೆಯಾಯಿತು. ಅಂದಿನಿಂದ ಏನನ್ನು ಕೊಡುವುದಿದ್ದರೂ ವಿಚಾರಿಸಿಯೇ ಕೊಡಬೇಕು ಎಂಬುದು ಅವಳ ಧರ್ಮ. ಮನೆಯ ಕರು ಮಾರುವುದಿದ್ದರೂ ಕೊಳ್ಳುವವನ ಹೆಂಡತಿಯನ್ನು ಮಾತಾಡಿಸಿ ಬರುತ್ತಿದ್ದಳು.

ನಾನು ಹೇಳಹೊರಟಿರುವುದು ಎಂಬತ್ತರ ದಶಕದ ಒಂದು ಲೋಕಸಭೆ ಚುನಾವಣೆಯ ಕಥೆ. ನನಗೆ ಆಗಷ್ಟೇ ಇಪ್ಪತ್ತೊಂದು ತುಂಬಿ ಮೊದಲನೇ ಓಟು ಬಂದಿತ್ತು. ಆ ಹುರುಪಿನಲ್ಲಿ ಅತ್ತೆಗೆ ಪಾಠ ಮಾಡಿದೆ. ಎಮ್ಮೆಲ್ಲೆ ಅಂದರೆ ನಮ್ಮ ತಾಲ್ಲೂಕಿನ ಮಟ್ಟಿಗೆ, ಎಂಪಿ ಅಂದರೆ ಹಾಗಲ್ಲ. ನಾವು, ಹೊನ್ನಾಳಿಯವರು, ನ್ಯಾಮತಿಯವರು, ಜಗಳೂರಿನವರು ಎಲ್ಲ ಸೇರಿ ಒಬ್ಬನೇ ಒಬ್ಬನನ್ನು ಆರಿಸಿ ದಿಲ್ಲಿಗೆ ಕಳಿಸಬೇಕು ಎಂದೆ. ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

"ಅಂದ್ರೆ ಇಷ್ಟು ಊರಿನೋರು ಸೇರಿ ಒಂದು ಕೂಸನ್ನ ದಿಲ್ಲಿಗೆ ಕೊಡೋದು ಅನ್ನು. ಅಷ್ಟು ದೂರದ ಸಂಬಂಧ. ಐದು ವರ್ಷ ತವರು ಕಡೆ ತಲೆ ಹಾಕಂಗಿಲ್ಲ. ಮತ್ತೆ ವಿಚಾರಿಸೋದು ಬ್ಯಾಡೇನು?"

ನಾನು ದಂಗಾದೆ. ರಾಜ್ಯಶಾಸ್ತ್ರದ ಮೇಷ್ಟ್ರು ಮೂರು ವರ್ಷ ಹೇಳಿದ್ದನ್ನು ಇವಳು ಅವರೆಕಾಯಿ ಬುಟ್ಟಿಯ ಮುಂದೆ ಕೂತು ಮುಗಿಸಿಬಿಟ್ಟಳಲ್ಲ!

ಆದರೆ ನಮ್ಮ ಮನೆಯ ಪದ್ಧತಿಯೇ ಬೇರೆ. ಓಟು ಹಾಕುವವರು ಅಪ್ಪ, ಅಮ್ಮ, ಅತ್ತೆ, ಮಗಳು ನಾನು ಎಂದು ನಾಲ್ಕು ಜನ, ಓಟು ಇರುವುದು ಅಪ್ಪನ ಬಾಯಲ್ಲಿ. ಪಕ್ಷದ ಮುಖಂಡರು ಬಂದು ನಿಮ್ಮ ಮನೆಯಲ್ಲಿ ಎಷ್ಟು ಎನ್ನುವರು, ಅಪ್ಪ ನಾಲ್ಕು ಎಂದು ಮಾತು ಕೊಡುವನು, ಎಲೆಅಡಿಕೆಯೊಂದಿಗೆ ಪ್ರಜಾಪ್ರಭುತ್ವ ಮುಗಿಯುವುದು. ಊರಲ್ಲಿ ಎಲ್ಲ ಮನೆಯಲ್ಲೂ ಹೀಗೆಯೇ. ಆ ಸಲ ಮುಖಂಡರು ಇನ್ನೂ ಜಗಲಿಯ ಮೇಲಿರುವಾಗಲೇ ಒಳಗಿನಿಂದ ಅತ್ತೆಯ ದನಿ ಬಂತು. "ನನ್ನದು ಬಿಟ್ಟು ಮೂರು ಅನ್ನು, ತಮ್ಮಾ. ನಂದು ಇನ್ನೂ ವಿಚಾರಣೇಲಿ ಐತೆ."

ಅಪ್ಪನ ಬಾಯಲ್ಲಿದ್ದ ಎಲೆಅಡಿಕೆ ಹಾಗೇ ನಿಂತಿತು. ಮನೆಯ ಹೆಂಗಸಿನ ಓಟು ಮನೆಯ ಗಂಡಸಿನದಲ್ಲ ಎಂದರೆ ಅವನ ಮರ್ಯಾದೆ ಏನಾಗಬೇಕು? ಅವತ್ತಿನಿಂದ ಅಕ್ಕ ತಮ್ಮನ ನಡುವೆ ಮಾತಿಲ್ಲ.

ಮೊದಲು ಸಿಕ್ಕಿಬಿದ್ದದ್ದು ಅಪ್ಪ ಮಾತು ಕೊಟ್ಟಿದ್ದ ಅಭ್ಯರ್ಥಿಯೇ. ಹಿಂದೆ ಮುಂದೆ ಜೀಪು, ಕೊರಳಲ್ಲಿ ಹಾರ, ಮುಗಿದ ಕೈ. ಅತ್ತೆ ಚಾಪೆ ಹಾಸಿ ಕೂರಿಸಿದಳು. ಒಡಹುಟ್ಟಿದವರೆಷ್ಟು, ಮನೆಯಲ್ಲಿ ಮೊದಲು ಉಣ್ಣುವವರು ಯಾರು, ಸಿಟ್ಟು ಬಂದರೆ ತಟ್ಟೆ ಎಸೆಯುವ ಅಭ್ಯಾಸ ಉಂಟೋ ಎಂದೆಲ್ಲ ಕೇಳಿದಳು. ಆಮೇಲೆ ಎದ್ದು ಅಂಗಳದ ಆ ತುದಿಯವರೆಗೆ ನಡೆದು ಬನ್ನಿ ಎಂದಳು! ಅವರು ನಗುತ್ತಾರೆಂದುಕೊಂಡೆ. ಇಲ್ಲ, ಎದ್ದು ನಡೆದರು! ಹಾರ ಹಾಕಿಕೊಂಡ ದೊಡ್ಡ ಮನುಷ್ಯ ನಮ್ಮ ಕಲಗಚ್ಚಿನ ಬಾನಿಯವರೆಗೆ ತಲೆ ತಗ್ಗಿಸಿ ನಡೆದು ಬಂದದ್ದನ್ನು ನೋಡಿ ಅವರ ಹಿಂಬಾಲಕರು ಕಲ್ಲಾದರು. ಅಪ್ಪ ಕಂಬ ಹಿಡಿದುಕೊಂಡ. ಕೊನೆಗೆ ಅತ್ತೆ, ಮೈಕಿಲ್ಲದೆ ಗಟ್ಟಿಯಾಗಿ ಒಂದು ಮಾತು ಆಡಿಸಿ ನೋಡಿ, ವಿಚಾರಿಸಿ ತಿಳಿಸುತ್ತೇವೆ ಎಂದು ಬೀಳ್ಕೊಟ್ಟಳು. ಹೆಣ್ಣು ನೋಡಿ ಹೋಗುವ ಬೀಗರು ಹೇಳುವ ಮಾತು ಅದು, ಅದರರ್ಥ ಎಲ್ಲರಿಗೂ ಗೊತ್ತು.

ಇಲ್ಲಿಗೆ ಮುಗಿಯಿತೇ? ಸಂಬಂಧ ಅಂದಮೇಲೆ ಸುತ್ತಲ ಊರಲ್ಲಿ ಕೇಳಬೇಡವೇ? ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಹೊನ್ನಾಳಿಯ ಚಿಕ್ಕಜ್ಜಿಯ ಮನೆಯಲ್ಲಿ ನಮ್ಮ ಅಂಗಳದಲ್ಲಿ ನಡೆದು ತೋರಿಸಿದವನ ಬಗ್ಗೆ ಕೇಳಿದ್ದಾಯಿತು. ಕುಂತಲ್ಲಿ ನಿದ್ದೆ ಮಾಡುವವನಂತೆ, ರದ್ದು. ಎರಡನೆಯ ಅಭ್ಯರ್ಥಿಯ ಬಗ್ಗೆ ಕೇಳಲು ನ್ಯಾಮತಿಗೆ ಹೋದೆವು. ಅಲ್ಲಿ ಅತ್ತೆಗೆ ಪರಿಚಯದ ಬಳೆಗಾರ ಸಾಬರು. ಅವರು ಹೆಗಲ ಮೇಲಿನ ಬಳೆಯ ಮಲಾರ ಕೆಳಗಿಟ್ಟು, ಆಚೀಚೆ ನೋಡಿ, ಮೆಲ್ಲಗೆ ಒಂದೇ ಮಾತು ಹೇಳಿದರು. "ಆ ಮನೆ ಹೆಣ್ಮಕ್ಕಳ ಕೈ ನಡುಗತಾವಮ್ಮ. ಬಳೆ ತೊಡಿಸಾಕೆ ಆಗಲ್ಲ."

ಅತ್ತೆ ಅವನನ್ನೂ ಅಲ್ಲೇ ರದ್ದು ಮಾಡಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಳು. ಆ ಮನುಷ್ಯನ ನಗುಮುಖ ನಮ್ಮೂರಿನ ಗೋಡೆಗೋಡೆಯ ಮೇಲಿತ್ತಲ್ಲ!

ಕಣದಲ್ಲಿ ಉಳಿದ ಮೂರನೆಯವನು ಜಗಳೂರಿನವನು. ಬಿಟ್ಟುಬಂದ ಮೇಲೆ ಒಮ್ಮೆಯೂ ಕಾಲಿಡದ ಊರಿಗೆ ಅತ್ತೆ ಓಟಿನ ಹಿಂದಿನ ದಿನ ಹೊರಟಳು. ಅಲ್ಲಿ ಯಾರನ್ನು ಕೇಳುತ್ತೀ ಎಂದರೆ ಸವತಿಯನ್ನು ಎನ್ನಬೇಕೇ! ಅವಳೂ ಗಂಡ ಸತ್ತು ಒಬ್ಬಳೇ ಇದ್ದಾಳೆ, ಸುಳ್ಳು ಹೇಳಿ ಅವಳಿಗೇನು ಲಾಭ ಎಂಬುದು ಅತ್ತೆಯ ತರ್ಕ.

ಸವತಿ ಬಾಗಿಲಲ್ಲೇ ಕೂತಿದ್ದಳು. ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಓಟಿನ ಸಂಬಂಧ ಬಂದೆ ಎಂದಳು ಅತ್ತೆ, ನಿನ್ನೆ ಸಂಜೆ ಬಿಟ್ಟ ಮಾತು ಮುಂದುವರಿಸಿದಂತೆ. ಆಕೆಯೂ ಅಷ್ಟೇ ಸಲೀಸಾಗಿ, ಅವನು ಕೊಟ್ಟ ಮಾತಿಗೆ ಎಂದೂ ತಪ್ಪಿಲ್ಲ, ಯಾಕೆಂದರೆ ಯಾರಿಗೂ ಮಾತು ಕೊಟ್ಟೇ ಇಲ್ಲ ಎಂದು ವರದಿ ಒಪ್ಪಿಸಿದಳು. ಆಮೇಲೆ ಅತ್ತೆಯ ಕೈ ಹಿಡಿದುಕೊಂಡಳು. "ನಿನ್ನ ತರುವಾಗ ನನ್ನನ್ನೂ ಯಾರೂ ಕೇಳಿರಲಿಲ್ಲ ಕಣೆ ತಂಗಿ."

ಅಷ್ಟು ವರ್ಷದ ಮಾತು ಇಬ್ಬರಿಗೂ ಬಾಕಿ ಇತ್ತು. ಕೊನೆಯ ಬಸ್ಸು ತಪ್ಪಿತು, ಅಲ್ಲೇ ಮಲಗಿದೆವು. ಬೆಳಿಗ್ಗೆ ನೋಡಿದರೆ ಬಸ್ಸುಗಳೆಲ್ಲ ಎಲೆಕ್ಷನ್ ಡ್ಯೂಟಿಗೆ ಹೋಗಿವೆ! ಶೇಂಗಾ ಲಾರಿಯೊಂದರಲ್ಲಿ ದಾವಣಗೆರೆ, ಅಲ್ಲಿಂದ ಇನ್ನೊಂದರಲ್ಲಿ ಊರು. ಮೈಯೆಲ್ಲ ಧೂಳಾಗಿ ಮತಗಟ್ಟೆ ಮುಟ್ಟುವಾಗ ಬಾಗಿಲು ಹಾಕುವ ಹೊತ್ತು. ಅಪ್ಪ ಹೊರಗೆ ಬೇವಿನ ಮರದಡಿ ಮುಖಂಡರ ಜೊತೆ ನಿಂತಿದ್ದ. ನಮ್ಮನ್ನು ಕಂಡು ಅವನ ಮುಖ ಸುಣ್ಣವಾಯಿತು.

ಯಾಕೆಂದು ಒಳಗೆ ಗೊತ್ತಾಯಿತು. ಅತ್ತೆಯ ಓಟು ಬೆಳಿಗ್ಗೆಯೇ ಬಿದ್ದಾಗಿತ್ತು! ಅಪ್ಪ ಕೊಟ್ಟ ಮಾತು ಉಳಿಯಬೇಕಲ್ಲ, ಮುಖಂಡರ ಕಡೆಯ ಹೆಂಗಸೊಬ್ಬಳು ಸೆರಗು ಮುಂದೆಳೆದುಕೊಂಡು ಅತ್ತೆಯಾಗಿ ಬಂದು ಹೋಗಿದ್ದಳು. ನನ್ನ ಓಟು ಉಳಿದಿತ್ತು. ನನ್ನ ವಯಸ್ಸಿನ ನಟಿ ಸಿಕ್ಕಿರಲಿಲ್ಲವೇನೋ. ನನಗೆ ಮೈಯೆಲ್ಲ ಉರಿದು ಹೋಯಿತು. ಅತ್ತೆ ಮಾತ್ರ ತಣ್ಣಗೆ ಅಧಿಕಾರಿಯ ಮೇಜಿನ ಮುಂದೆ ನಿಂತು ಹೇಳಿದಳು.

"ನಾನು ಹೋಗೋ ಮುಂಚೆ ನನ್ನ ಜಾಗದಾಗೆ ಇನ್ನೊಬ್ಬಳು ಬಂದು ಕುಂತಿರೋದು ನನಗೇನೂ ಹೊಸದಲ್ಲ ಸಾರ್. ಆವತ್ತು ಟ್ರಂಕು ಹೊತ್ಕೊಂಡು ವಾಪಸು ಬಂದೆ. ಇವತ್ತು ಹೋಗಲ್ಲ."

ಅಧಿಕಾರಿ ಒಳ್ಳೆಯವರು. ಹೆಸರು, ಮನೆ ಎಲ್ಲ ಕೇಳಿ, ಏಜೆಂಟರನ್ನೂ ಕೇಳಿ, ಕಾನೂನಿನಲ್ಲಿ ಇದಕ್ಕೊಂದು ದಾರಿ ಇದೆ ಎಂದರು. ಬೇರೆ ಚೀಟಿ ಕೊಡುತ್ತಾರೆ, ಮುದ್ರೆ ಒತ್ತಬಹುದು. ಆದರೆ ಅದು ಪೆಟ್ಟಿಗೆಗೆ ಬೀಳುವುದಿಲ್ಲ, ಲಕೋಟೆಗೆ ಹೋಗುತ್ತದೆ. ಕೋರ್ಟು ಕೇಳಿದರೆ ಮಾತ್ರ ತೆಗೆಯುತ್ತಾರೆ, ಇಲ್ಲದಿದ್ದರೆ ಎಣಿಕೆಗೆ ಇಲ್ಲ. ಎಣಿಸದ ಓಟು ಯಾಕಮ್ಮ ಎಂದು ಅವರೇ ಸಂಕಟಪಟ್ಟರು.

"ಎಣಿಸೋದು ನಿಮಗೆ ಬಿಟ್ಟಿದ್ದು," ಎಂದಳು ಅತ್ತೆ. "ಇಷ್ಟು ವಯಸ್ಸಿಗೆ ನನ್ನ ಮುಂದೆ ಕೈಮುಗಿದು ನಿನ್ನ ಮನಸ್ಸಿನಾಗೆ ಏನೈತೆ ಅಂತ ಕೇಳಿದ್ದು ಈ ಓಟೊಂದೇ. ಕೇಳಿದ ಮೇಲೆ ಹೇಳಿ ಹೋಗಬೇಕಲ್ಲ."

ಬೆರಳಿಗೆ ಮಸಿ ಹಚ್ಚಿಸಿಕೊಂಡು, ರಟ್ಟಿನ ಮರೆಗೆ ಹೋಗಿ, ಬಹಳ ಹೊತ್ತು ತೆಗೆದುಕೊಂಡು ಮುದ್ರೆ ಒತ್ತಿದಳು. ಯಾರಿಗೆ ಒತ್ತಿದಳೋ ಇವತ್ತಿಗೂ ಗೊತ್ತಿಲ್ಲ. ಆ ಲಕೋಟೆಯನ್ನು ಯಾರೂ ಒಡೆಯಲಿಲ್ಲ. ಗೆದ್ದವನು ದಿಲ್ಲಿಗೆ ಹೋದ, ಅತ್ತೆ ಹೇಳಿದಂತೆ ತವರಿನ ಕಡೆ ತಲೆ ಹಾಕಲಿಲ್ಲ.

ಅವತ್ತು ಮನೆಗೆ ಬಂದು ಅತ್ತೆ ಧೂಳು ತೊಳೆದುಕೊಂಡು ಒಲೆ ಹೊತ್ತಿಸಿದಳು. ಎಂದಿನಂತೆ ರೊಟ್ಟಿ ತಟ್ಟಿ ಬಡಿಸಿದಳು. ಅಪ್ಪನ ಕಣ್ಣು ಅವಳ ಬೆರಳಿನ ಮಸಿಯ ಮೇಲೇ ಇತ್ತು. ಅರ್ಧಕ್ಕೇ ಕೈ ತೊಳೆದು ಎದ್ದ.

ಮುಂದಿನ ಚುನಾವಣೆಗೆ ಅದೇ ಮುಖಂಡರು ಅದೇ ಜಗಲಿಗೆ ಬಂದು ನಿಮ್ಮ ಮನೆಯಲ್ಲಿ ಎಷ್ಟು ಎಂದರು. ಅಪ್ಪ ಒಂದು ಎಂದ. ಉಳಿದವರನ್ನು ಅವರವರನ್ನೇ ಕೇಳಬೇಕು ಎಂದ. ಅವರು ಹೋದ ಮೇಲೆ ಎದ್ದು ಒಳಗೆ ಬಂದ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಜೀವಮಾನದಲ್ಲಿ ಒಮ್ಮೆಯೂ ಅಕ್ಕನನ್ನು ಏನೂ ಕೇಳದ ನಮ್ಮಪ್ಪ, ಕೈ ಮುಗಿದ.

"ನಂದೂ ನೀನೇ ವಿಚಾರಿಸಿ ಹೇಳಕ್ಕಾ," ಎಂದ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಚಾಪೆ ಹಾಸಿ, ತಮ್ಮನನ್ನು ಕೂರಿಸಿ, ಮಜ್ಜಿಗೆ ತರಲು ಎದ್ದಳು.