ಮೊದಲ ಸಾಲಿನ ಬೆಂಚು

“ಮೊದಲ ಸಾಲಲ್ಲಿ ಕೂರಬೇಡಿ ಅಂತ ಯೇಸುಸ್ವಾಮೀನೇ ಹೇಳಿದಾರೆ. ಇನ್ನು ನೀವ್ಯಾರ್ರೀ, ಬನ್ನಿ ಕೂತ್ಕೊಳ್ಳಿ ಅನ್ನೋಕೆ?”

ಹೆಂಡತಿ ಹೀಗೆಂದಾಗ ಬಡಗಿ ಕನ್ನಡಿಯ ಮುಂದೆ ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದ. ಅವಳ ಕೈಯಲ್ಲಿ ಚರ್ಚಿನ ವರ್ಷಪಟ್ಟಿ. ಯಾವ ಭಾನುವಾರ ಬೈಬಲಿನ ಯಾವ ಭಾಗ ಓದಿ ಪ್ರಸಂಗ ಮಾಡಬೇಕೆಂದು ವರ್ಷದ ಮೊದಲೇ ಗೊತ್ತುಮಾಡಿಟ್ಟ ಪಟ್ಟಿ ಅದು.

“ಎಲ್ಲಿ, ಕೊಡಿಲ್ಲಿ,” ಎಂದು ಕಿತ್ತುಕೊಂಡು, ಬೈಬಲ್ ತೆರೆದು ಓದಿದ. ಮದುವೆಯೂಟಕ್ಕೆ ಕರೆದರೆ ಮೇಲಿನ ಸ್ಥಾನ ಹಿಡಿಯಬೇಡ, ಕಡೆಯದರಲ್ಲಿ ಕೂತುಕೊ ಎಂಬಲ್ಲಿಗೆ ಬರುವಷ್ಟರಲ್ಲಿ ಬ್ಲೇಡು ಕೆನ್ನೆಯ ಮೇಲೊಂದು ಕೆಂಪು ಗೆರೆ ಎಳೆದಿತ್ತು. ಮುಂದಕ್ಕೆ ಓದುವ ಧೈರ್ಯವಾಗಲಿಲ್ಲ.

ಚರ್ಚಿನ ಮೊದಲ ಸಾಲಿಗೆಂದು ಅವನು ಎರಡು ಬೆಂಚು ಮಾಡಿಕೊಟ್ಟು ನಾಲ್ಕು ತಿಂಗಳಾಗಿತ್ತು. ಒಂದೇ ಒಂದು ಮೊಳೆಯಿಲ್ಲದ ಕೂಡಿಕೆ, ಮಗುವಿನ ಕೆನ್ನೆಯಂಥ ನುಣುಪು. ಆದರೆ ನೊಣ ಬಿಟ್ಟರೆ ಇನ್ನಾರೂ ಅವುಗಳ ಮೇಲೆ ಕೂತಿರಲಿಲ್ಲ. ಜನ ಹಿಂದಿನಿಂದ ತುಂಬಿಕೊಳ್ಳುತ್ತ ಬಂದು, ನಡುವಿನ ಸಾಲಿಗೇ ಗೋಡೆ ಕಟ್ಟಿದಂತೆ ಕೂತುಬಿಡುತ್ತಿದ್ದರು. ಸಭೆಯ ಹಿರಿಯರಾದ ನಿವೃತ್ತ ಹೆಡ್ಮಾಸ್ಟರು ಹೋದ ವಾರ ತೀರ್ಪು ಕೊಟ್ಟಿದ್ದರು: “ಬರೋ ಭಾನುವಾರ ಕಡೇ ಪ್ರಾರ್ಥನೆ ಹೊತ್ತಿಗೂ ಖಾಲಿ ಇದ್ರೆ ಸೋಮವಾರ ಎರಡನ್ನೂ ಉಗ್ರಾಣಕ್ಕೆ ಸಾಗಿಸೋಣ. ಮಾಡಿದವನೇ ಕೂತ್ರೆ ಲೆಕ್ಕಕ್ಕಿಲ್ಲ. ಹೆಂಡ್ತೀನ ಕೂರಿಸಿದ್ರೂ ಇಲ್ಲ.”

ಪಾಸ್ಟರು ತಿಂಗಳಿಗೊಂದು ಭಾನುವಾರ ಬೇರೆ ಚರ್ಚಿಗೆ ಹೋಗುತ್ತಿದ್ದರು. ಅಂದು ಸಭೆಯವರೇ ಒಬ್ಬರು ಪ್ರಸಂಗ ಮಾಡಬೇಕು. “ಈ ಸಲ ನಾನು!” ಎಂದು ಬಡಗಿ ಎದ್ದು ನಿಂತಿದ್ದ. ತನ್ನ ದಪ್ಪ ಪೆನ್ಸಿಲಿನಲ್ಲಿ ಮೂರು ಹಾಳೆ ಬರೆದೂ ಇಟ್ಟಿದ್ದ. ಮೂರರ ಸಾರಾಂಶವೂ ‘ಮುಂದೆ ಬನ್ನಿ’ ಎಂದೇ. ಪಟ್ಟಿ ನೋಡದೆ ಎದ್ದು ನಿಂತದ್ದೊಂದೇ ಎಡವಟ್ಟು.

ಅರ್ಧ ಗಡ್ಡದಲ್ಲೇ ಪಾಸ್ಟರ ಮನೆಗೆ ಓಡಿದ. ಅವರು ಆ ಬೇರೆ ಚರ್ಚಿಗೆ ಹೊರಟು ಸ್ಕೂಟರಿನ ಕಿಕ್ಕರ್ ಒದೆಯುತ್ತಿದ್ದರು.

“ಪಾಸ್ಟ್ರೇ, ಬೈಬಲಿನ ಬೇರೆ ವಾಕ್ಯ ಏನಾದ್ರೂ…”

“ಇದು ಮೂರು ವರ್ಷಕ್ಕೊಂದ್ಸಲ ಬರೋ ವಾಕ್ಯಪ್ಪಾ. ತಪ್ಪಿಸೋ ಹಾಗಿಲ್ಲ.”

“ಮುಂದಿನ ವಾರದ್ದನ್ನ ಈಗಲೇ ಓದಿದ್ರೆ?”

“ಅದರಲ್ಲಿ ಅಪ್ಪ, ಅಮ್ಮ, ಹೆಂಡ್ತೀನ ದ್ವೇಷ ಮಾಡದವನು ನನ್ನ ಶಿಷ್ಯನೇ ಅಲ್ಲ ಅಂತ ಬರುತ್ತೆ. ಮಾಡ್ತೀಯಾ?”

ಬಡಗಿಗೆ ಮಧ್ಯಾಹ್ನದ ಊಟ ಮನೆಯಲ್ಲೇ ಆಗಬೇಕಿತ್ತು. “ಇದೇ ಇರಲಿ ಬಿಡಿ,” ಎಂದ.

ವಾಪಸು ಬರುವಷ್ಟರಲ್ಲಿ ಸುದ್ದಿ ಬೀದಿಯೆಲ್ಲ ಸುತ್ತಿ ಬಂದಿತ್ತು.

“ಏನಣ್ಣ, ನಿನ್ನ ಬಾಯಿಂದಲೇ ನಿನ್ನ ಬೆಂಚಿಗೆ ಮಣ್ಣು ಹಾಕ್ತೀಯಂತೆ?” ಎಂದು ದರ್ಜಿ ಕಿಟಕಿಯಿಂದ ತಲೆ ಹಾಕಿದ.

“ಹುಷಾರಿಲ್ಲ ಅಂತ ಮಲಗಿಬಿಡಣ್ಣ. ನಾನು ಸಾಕ್ಷಿ ಹೇಳ್ತೀನಿ,” ಎಂದಳು ಎದುರುಮನೆಯ ನರ್ಸು. “ಕೆನ್ನೇಲಿ ರಕ್ತ ಬೇರೆ ಇದೆ.”

“ಯಾರು ಮಲಗ್ತಾರೆ? ಮಾತಾಡೇ ಮಾತಾಡ್ತೀನಿ!” ಎಂದು ಬಡಗಿ ಉಳಿದರ್ಧ ಗಡ್ಡ ಮುಗಿಸಿ, ಹಾಳೆಗಳನ್ನು ಜೇಬಿಗೆ ತುರುಕಿಕೊಂಡು ಹೊರಟ.

ಚರ್ಚಿನ ಗೇಟಿನಲ್ಲಿ ಬೇಕರಿಯಮ್ಮ ಏದುಸಿರು ಬಿಡುತ್ತ ಅವನನ್ನು ಪಕ್ಕಕ್ಕೆ ತಳ್ಳಿಕೊಂಡೇ ಓಡಿದಳು. “ದಾರಿ ಬಿಡಪ್ಪಾ, ಕಡೇ ಬೆಂಚು ಹೋಗ್ಬಿಡುತ್ತೆ!” ಒಳಗೆ ಇಣುಕಿದ. ಆರಾಧನೆಗೆ ಇನ್ನೂ ಅರ್ಧ ಗಂಟೆಯಿದೆ. ಕಡೆಯ ಬೆಂಚಿನಲ್ಲಿ, ಗಾಳಿ ಬರುವ ಬಾಗಿಲ ಪಕ್ಕ, ಹೆಡ್ಮಾಸ್ಟರ ಕರ್ಚೀಫು ಆಗಲೇ ಅವರ ಜಾಗ ಕಾಯುತ್ತಿತ್ತು.

ಬಡಗಿ ಬಾಗಿಲಲ್ಲೇ ನಿಂತುಬಿಟ್ಟ. ತಲೆಯೊಳಗೆ ಏನೋ ಸರಕ್ಕನೆ ಕೂಡಿಕೊಂಡಿತು, ಗಾಡಿಯಲ್ಲಿ ಬಿಡಿ ಬಿಡಿಯಾಗಿ ಬಂದ ಮಂಚ ಕೂಡಿಕೊಂಡ ಹಾಗೆ.

ಹೆಡ್ಮಾಸ್ಟರೇ ವಾಕ್ಯ ಓದಿದರು, ಮೊದಲಿಂದ ಕೊನೆತನಕ. ಬಡಗಿಯ ಕಣ್ಣು ಬೆಂಚಿನ ಮೇಲಿತ್ತು, ಕಿವಿ ಎಲ್ಲಿತ್ತೋ. ಹಾಳೆ ಹೊರಗೆ ತೆಗೆಯದೆಯೇ ಮಾತು ಶುರುಮಾಡಿದ.

“ಆ ಊಟದ ಮನೇಲಿ ಜನ ಮುಂದಕ್ಕೆ ಯಾಕೆ ನುಗ್ಗಿದ್ರು? ಮರ್ಯಾದೆ ಅಲ್ಲಿತ್ತು, ಅದಕ್ಕೆ. ನಮ್ಮಲ್ಲಿ ಎಲ್ಲಿಗೆ ನುಗ್ತೀವಿ? ಅರ್ಧ ಗಂಟೆ ಮುಂಚೆ ಬಂದು ಕರ್ಚೀಫ್ ಹಾಕೋದು ಯಾವ ಬೆಂಚಿಗೆ?”

ಹೆಡ್ಮಾಸ್ಟರು ಕರ್ಚೀಫನ್ನು ಮೆಲ್ಲಗೆ ತೊಡೆಯ ಕೆಳಗೆ ಸರಿಸಿದರು.

“ಹಾಗಾದ್ರೆ ನಮ್ಮ ಮೇಲಿನ ಸ್ಥಾನ ಅಂದ್ರೆ ಆ ಕಡೇ ಬೆಂಚು! ಯಾರಿಗೂ ಬೇಡವಾದ ಕೀಳು ಸ್ಥಾನ ಇಲ್ಲಿದೆ ನೋಡಿ, ನನ್ನ ಮುಂದೆ. ತಗ್ಗಿಸ್ಕೊಳ್ಳೋರು ಯಾರಿದೀರಿ? ಬನ್ನಿ!”

ಮೊದಲು ಎದ್ದವರು ಯಾರು? ಹೆಡ್ಮಾಸ್ಟರು! ನಲವತ್ತು ವರ್ಷದ ಜಾಗ ಬಿಟ್ಟು, ಕೋಲೂರಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತರು. ಹಿಂದೆಯೇ ಬೇಕರಿಯಮ್ಮ, ದರ್ಜಿ, ನರ್ಸು. ತಗ್ಗಿಸಿಕೊಳ್ಳುವುದರಲ್ಲಿ ನಾನೇನು ಕಮ್ಮಿ ಎಂದು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಂಡು ಬಂದು ಎರಡು ಬೆಂಚನ್ನೂ ಭರ್ತಿ ಮಾಡಿದರು. ಬಡಗಿ ಹೆಂಡತಿಯ ಕಡೆ ನೋಡಿ, ನೋಡಿದೆಯಾ ಎಂಬಂತೆ ಹುಬ್ಬು ಕುಣಿಸಿದ.

ಹೆಡ್ಮಾಸ್ಟರು ಕೈಯೆತ್ತಿದರು. “ಒಂದು ಸಂದೇಹ. ನಾವೀಗ ಕೂತಿರೋದು ಕೀಳು ಸ್ಥಾನ ತಾನೇ?”

“ಹೌದು ಮೇಷ್ಟ್ರೇ!”

“ಅಂದ್ಮೇಲೆ ವಾಕ್ಯ ಅರ್ಧಕ್ಕೇ ಬಿಟ್ರೆ ಹೇಗಪ್ಪಾ? ಕಡೇಲಿ ಕೂತವನನ್ನ ನೋಡಿ ಊಟಕ್ಕೆ ಕರೆದವನು ಏನಂತಾನೆ? ಓದು.”

ಬಡಗಿ ಪುಟದ ಮೇಲೆ ಬೆರಳು ಸರಿಸಿದ. ಬೆರಳು ಒಂದು ಕಡೆ ನಿಂತಿತು.

“ಗೆಳೆಯಾ…”

“ಜೋರಾಗಿ!”

“ಗೆಳೆಯಾ, ಮೇಲಿನ ಸ್ಥಾನಕ್ಕೆ ಹೋಗು…”

“ಮೇಲಿನದು ಯಾವುದು ಅಂತ ನೀನೇ ಈಗ ಹೇಳಿದೆ,” ಎಂದು ಹೆಡ್ಮಾಸ್ಟರು ಎದ್ದರು. ಬೇಕರಿಯಮ್ಮ ಅವರಿಗಿಂತ ಎರಡು ಹೆಜ್ಜೆ ಮುಂದಿದ್ದಳು. ಬಡಗಿ ಒಂದು ಸಲ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಿಂದಿನ ಸಾಲುಗಳೆಲ್ಲ ಕಿಕ್ಕಿರಿದಿದ್ದವು.

ಕೋಲೂರಿಕೊಂಡು ಹೊರಟಿದ್ದ ಹೆಡ್ಮಾಸ್ಟರು ತಿರುಗಿ ನಿಂತರು. “ಪ್ರಸಂಗ ಚೆನ್ನಾಗಿತ್ತು ಕಣಯ್ಯಾ. ಬೆಂಚೂ ಚೆನ್ನಾಗಿದೆ. ಎಡಗಡೇದರ ಕಾಲು ಮಾತ್ರ ಆಡುತ್ತೆ.”

“ನನ್ನ ಬೆಂಚಾ? ಆಡೋ ಮಾತೇ ಇಲ್ಲ!”

ಕಡೆಯ ಹಾಡು ಮುಗಿಯಿತು. ಬಡಗಿ ಇಳಿದು ಬಂದು, ಎಡಗಡೆಯ ಖಾಲಿ ಬೆಂಚಿನ ತುದಿಯಲ್ಲಿ ಕೂತ. ಟಕ್ ಎಂದಿತು. ಸ್ವಲ್ಪ ಸರಿದು ಕೂತ. ಮತ್ತೆ ಟಕ್. ನಾಳೆ ಉಗ್ರಾಣಕ್ಕೆ ಹೋಗುವ ಬೆಂಚೇ ಆದರೂ ಕುಂಟುತ್ತ ಹೋಗಬಾರದು. ಜೇಬಿನಿಂದ ಮೂರು ಹಾಳೆ ತೆಗೆದು, ನಾಲ್ಕು ಮಡಿಕೆ ಮಾಡಿ, ನೆಲಕ್ಕೆ ಮೊಣಕಾಲೂರಿದ. ಕಡೇ ಪ್ರಾರ್ಥನೆ ಶುರುವಾಯಿತೆಂದುಕೊಂಡು ಹಿಂದಿನವರೆಲ್ಲ ತಲೆ ಬಾಗಿಸಿದರು. ಅವನು ಕಾಗದವನ್ನು ಬೆಂಚಿನ ಕಾಲಿನಡಿಗೆ ತೂರಿಸಿ, ಅಂಗೈಯಿಂದ ಒತ್ತಿ ನೋಡಿದ. ಬೆಂಚು ಅಲುಗಲಿಲ್ಲ.