ಕುತ್ತಿಗೆಯ ಸ್ಯಾಂಪಲ್

ನಮ್ಮ ಯಜಮಾನರಿಗೆ ನನ್ನ ಕುತ್ತಿಗೆಗೂ ನಂದಿದುರ್ಗದ ಚಿನ್ನದ ಗಣಿಗೂ ವ್ಯತ್ಯಾಸವೇ ಗೊತ್ತಿಲ್ಲ! ಚಿನ್ನ ಇದೆಯೋ ಇಲ್ಲವೋ ಎಂದು ನೋಡಲು ಬಂಡೆಯಿಂದ ಚೂರು ಕೆತ್ತಿ ಚೀಲಕ್ಕೆ ತುಂಬುವುದು ಅವರ ಕೆಲಸವಾಗಿತ್ತು. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಆ ಬುದ್ಧಿ ಮುಚ್ಚಲಿಲ್ಲ. ಸಂತೆಯಲ್ಲಿ ಬೆಲ್ಲದಚ್ಚನ್ನೂ ಮೂರು ಕಡೆ ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಬೈಗುಳ ತಿನ್ನುವವಳು ನಾನು.

ನಾನೇನು ಕಡಿಮೆಯೇ? ಗಂಟಲ ಮುಂದೆ ನೆಲ್ಲಿಕಾಯಿ ಗಾತ್ರದ ಗಂಟು ಬಂದಾಗ, ಈ ವಯಸ್ಸಿನಲ್ಲಿ ಮೈ ತುಂಬಿಕೊಂಡೆ ಎಂದು ಕನ್ನಡಿ ಮುಂದೆ ಬೀಗಿದವಳು! ಬಂಗಾರಪೇಟೆಯ ಡಾಕ್ಟರಮ್ಮ ಮುಟ್ಟಿ ನೋಡಿ, "ಥೈರಾಯ್ಡ್ ಗಡ್ಡೆ ಅಜ್ಜೀ. ಸೂಜೀಲಿ ಒಂಚೂರು ತೆಗೆದು ನೋಡೋಣ. ಕ್ಯಾನ್ಸರ್ ಇದೆಯಾ ಇಲ್ವಾ ತಿಳಿಯುತ್ತೆ" ಎಂದರು. ಬೀಗುವುದು ಅಲ್ಲಿಗೆ ನಿಂತಿತು.

"ಸೂಜಿ ಒಳಗಿರೋವಾಗ ಮಾತಾಡ್ಬಾರ್ದು, ಉಗುಳೂ ನುಂಗ್ಬಾರ್ದು" ಎಂದು ನನ್ನನ್ನು ಮಲಗಿಸಿದರು.

ಹುಟ್ಟಿದಾಗಿನಿಂದ ಅರ್ಧ ನಿಮಿಷ ಬಾಯಿ ಮುಚ್ಚದವಳು ನಾನು. ಆದರೂ ಕಣ್ಣು ಮುಚ್ಚಿ ತಡೆದುಕೊಂಡೆ. ಸೂಜಿ ಇಳಿಯಿತು. ಬಾಗಿಲಿನಿಂದ ಯಜಮಾನರ ಉಪದೇಶವೂ ಇಳಿಯಿತು: "ತಾಯೀ, ಒಂದೇ ಕಡೆ ತೆಗೀಬ್ಯಾಡಿ! ಮೂರ್ನಾಕು ಕಡೆ ತೆಗೀರಿ. ಇಲ್ದಿದ್ರೆ ನಿಜ ಗೊತ್ತಾಗಲ್ಲ!"

"ಬಾಯ್ ಮುಚ್ಕೊಂಡಿರಯ್ಯಾ!" ಎಂದು ಕೂಗಿದ್ದು ಯಾರು? ಕುತ್ತಿಗೆಯಲ್ಲಿ ಸೂಜಿ ಇಟ್ಟುಕೊಂಡ ನಾನೇ!

ನನಗೆ ಓದಲು ಬರುವುದು ಬಸ್ಸಿನ ಬೋರ್ಡು ಮಾತ್ರ. ರಿಪೋರ್ಟನ್ನು ಡಾಕ್ಟರಮ್ಮನೇ ಓದಿದರು: ಬಂದದ್ದು ಬರೀ ರಕ್ತ, ಏನೂ ಹೇಳಲಾಗದು, ಇನ್ನೊಮ್ಮೆ ತೆಗೆಯಬೇಕು.

ನಮ್ಮೂರು ಉರಿಗಾಂನಿಂದ ಮತ್ತೆ ಬಂಗಾರಪೇಟೆಗೆ ಹೊರಟೆವು. ಈ ಸಲ ಯಜಮಾನರ ಜೇಬಿನಲ್ಲಿ ಗಣಿಯ ಚೀಲಕ್ಕೆ ಕಟ್ಟುತ್ತಿದ್ದಂಥ ಬಟ್ಟೆಚೂರುಗಳು, ನನ್ನ ಹೆಸರು ಬರೆದು, ದಾರ ಸಮೇತ!

"ಇದ್ಯಾಕೆ ತಾತಾ?" ಎಂದಳು ನರ್ಸು.

"ಸ್ಯಾಂಪಲ್ ಅದ್ಲುಬದ್ಲಾದ್ರೆ ಊರೋರ್ ರೋಗವೆಲ್ಲ ಇವ್ಳ ತಲೆಗೆ ಬತ್ತದಮ್ಮಾ."

"ನಾವು ಸ್ಯಾಂಪಲ್ ಹಾಕೋ ಗಾಜಿನ ಮೇಲೇ ಹೆಸರು ಬರೀತೀವಿ."

"ಬರ್ಕಳಿ. ಇದೂ ಒಂದು ಇರ್ಲಿ."

ನಾನು ಹಲ್ಲು ಕಚ್ಚಿ ಹೆಣದಂತೆ ಮಲಗಿದೆ. ಡಾಕ್ಟರಮ್ಮ ಮೂರು ಕಡೆ ಚುಚ್ಚಿದರು. ಅವರ ಪದ್ಧತಿಯೇ ಅದಂತೆ! ಯಜಮಾನರು ಮಾತ್ರ ತಾವೇ ಕಲಿಸಿದ್ದೆಂದು ರೈಲಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು.

ಮುಂದಿನ ವಾರ ಡಾಕ್ಟರಮ್ಮ ಕಾಗದದಿಂದ ತಲೆ ಎತ್ತಿ, "ಕೆಟ್ಟದ್ದು ಏನೂ ಸಿಕ್ಕಿಲ್ಲ" ಎಂದರು. ನಾನು ಬಾಯಿ ಮುಚ್ಚಿ ಮಲಗಿದ್ದಕ್ಕೇ ಹೀಗಾಯಿತೆಂದು ಕೊಚ್ಚಿಕೊಳ್ಳಲು ತಿರುಗಿದರೆ, ಯಜಮಾನರು ಗೋಡೆ ಹಿಡಿದು ನೆಲಕ್ಕೆ ಕುಸಿದಿದ್ದರು. ಬಂಡೆಯಲ್ಲಿ ಏನೂ ಸಿಗದ ದಿನ ಮುಖ ಬಾಡಿಸಿಕೊಂಡು ಮನೆಗೆ ಬರುತ್ತಿದ್ದ ಮನುಷ್ಯ.

"ಎದ್ದೇಳಯ್ಯಾ, ಜನ ನೋಡ್ತಾವ್ರೆ" ಎಂದೆ.

ಅವರು ನನ್ನ ಕಡೆ ನೋಡಲೇ ಇಲ್ಲ. "ಇನ್ನೊಂದ್ ಕಿತ ಯೋಳ್ರಮ್ಮಾ," ಎಂದರು, "ಏನೂ ಸಿಕ್ಕಿಲ್ಲಾಂತ."

ನಾನೂ ಅವರ ಪಕ್ಕ ನೆಲದ ಮೇಲೆ ಕುಳಿತೆ. ಡಾಕ್ಟರಮ್ಮ ಇನ್ನೊಂದು ಸಲ ಹೇಳಿದರು.